ವೈದ್ಯ ವಿದ್ಯಾರ್ಥಿಗಳು ಹೊಸದನ್ನು ಕಂಡುಹಿಡಿಯಬಲ್ಲರೇ? ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯಿಂದ ಒಂದು ನೋಟ

ಆಷಾಢದ ಮಳೆ ಹಿಡಿದಾಗ ಶೃಂಗೇರಿ ಸುತ್ತಲಿನ ಒಂದು ಒಂಟಿಮನೆಯಲ್ಲಿ ಯಾರಿಗಾದರೂ ಹಾವು ಕಚ್ಚಿದರೆ ಏನೇನು ಆಗುತ್ತದೆ ಎಂದು ಒಮ್ಮೆ ಯೋಚಿಸಿ. ಮೊದಲು ಮೊಬೈಲ್ ಸಿಗ್ನಲ್ ಸಿಗಬೇಕು. ತೋಟದ ದಾರಿ ದಾಟಿ ರಸ್ತೆಗೆ ಬರಬೇಕು. ತಾಲ್ಲೂಕು ಆಸ್ಪತ್ರೆ ಮುಟ್ಟಬೇಕು. ಅಲ್ಲಿಂದ ಮುಂದಕ್ಕೆ ಕಳಿಸಿದರೆ ಶಿವಮೊಗ್ಗಕ್ಕೋ, ಘಟ್ಟ ಇಳಿದು ಮಣಿಪಾಲಕ್ಕೋ ಹೋಗಬೇಕು. ಗುಡ್ಡ ಜರಿದು ರಸ್ತೆಗೆ ಬಿದ್ದಿದ್ದರೆ ಸುತ್ತಿ ಹೋಗಬೇಕು. ಕೊಪ್ಪ ಮತ್ತು ನರಸಿಂಹರಾಜಪುರದ ಒಳಹಳ್ಳಿಗಳ ಕತೆಯೂ ಬೇರೆಯಲ್ಲ.

ಇಂಥ ಊರುಗಳಿಗೆ ದೊಡ್ಡ ಆಸ್ಪತ್ರೆ ಬೇಕು, ತಜ್ಞ ವೈದ್ಯರು ಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಆಸ್ಪತ್ರೆ ಮುಟ್ಟುವ ಮುಂಚಿನ ಆ ಕೆಲವು ಗಂಟೆಗಳಲ್ಲಿ ಜೀವ ಉಳಿಸುವುದು ಹೆಚ್ಚಾಗಿ ಸಣ್ಣ ಸಂಗತಿಗಳು: ಸರಿಯಾದ ಪ್ರಥಮ ಚಿಕಿತ್ಸೆ, ಅಗ್ಗದ ಒಂದು ಉಪಕರಣ, ಬೇಗ ಗುರುತಿಸುವ ಒಂದು ಪರೀಕ್ಷೆ. ಇಂಥ ಸಣ್ಣ ಸಂಗತಿಗಳನ್ನು ರೂಪಿಸುವುದರಲ್ಲಿ ವಿದ್ಯಾರ್ಥಿಗಳ ಪಾಲು ಎಷ್ಟು, ಅದರ ಮಿತಿ ಎಲ್ಲಿ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ತಪ್ಪು ತಿಳಿವಳಿಕೆ 1: ಕಂಡುಹಿಡಿಯುವುದು ದೊಡ್ಡವರ ಕೆಲಸ

"ಮೊದಲು ಡಾಕ್ಟರ್ ಆಗಲಿ, ಆಮೇಲೆ ಸಂಶೋಧನೆ" ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ವೈದ್ಯಶಾಸ್ತ್ರದ ಇತಿಹಾಸ ಬೇರೆಯೇ ಹೇಳುತ್ತದೆ.

1835ರಲ್ಲಿ ಲಂಡನ್ನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯಲ್ಲಿ ಮೊದಲ ವರ್ಷ ಓದುತ್ತಿದ್ದ ಜೇಮ್ಸ್ ಪ್ಯಾಜೆಟ್ ಶವವೊಂದರ ಸ್ನಾಯುಗಳಲ್ಲಿ ಬಿಳಿ ಚುಕ್ಕೆಗಳನ್ನು ಕಂಡ. ಬೇರೆಯವರೂ ಅಂಥ ಚುಕ್ಕೆಗಳನ್ನು ಕಂಡಿದ್ದರು, ಕತ್ತರಿ ಮೊಂಡಾಗುತ್ತದೆ ಎಂದು ಗೊಣಗಿ ಬಿಟ್ಟಿದ್ದರು. ಪ್ಯಾಜೆಟ್ ಅದನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದ. ಒಳಗೆ ಸುರುಳಿ ಸುತ್ತಿಕೊಂಡ ಹುಳು ಇತ್ತು. ಸರಿಯಾಗಿ ಬೇಯಿಸದ ಹಂದಿಮಾಂಸದಿಂದ ಮನುಷ್ಯರಿಗೆ ಬರುವ ಟ್ರೈಕಿನೆಲ್ಲ ಎಂಬ ಪರೋಪಜೀವಿ ಅದು.

1869ರಲ್ಲಿ ಬರ್ಲಿನ್ನಿನ ವಿದ್ಯಾರ್ಥಿ ಪೌಲ್ ಲ್ಯಾಂಗರ್‌ಹಾನ್ಸ್ ತನ್ನ ಪ್ರಬಂಧದಲ್ಲಿ ಮೇದೋಜೀರಕ ಗ್ರಂಥಿಯೊಳಗಿನ ಪುಟ್ಟ ಪುಟ್ಟ ಜೀವಕೋಶದ ಗುಂಪುಗಳನ್ನು ವಿವರಿಸಿದ. ಅವುಗಳ ಕೆಲಸ ಏನೆಂದು ಅವನಿಗೆ ಗೊತ್ತಿರಲಿಲ್ಲ. ಇನ್ಸುಲಿನ್ ತಯಾರಾಗುವುದು ಅಲ್ಲೇ ಎಂದು ತಿಳಿಯಲು ದಶಕಗಳೇ ಬೇಕಾದವು. 1921ರಲ್ಲಿ ಟೊರೊಂಟೊದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಜೊತೆ ನಿಂತು ಇನ್ಸುಲಿನ್ ಬೇರ್ಪಡಿಸಿದ ಚಾರ್ಲ್ಸ್ ಬೆಸ್ಟ್ ಕೂಡ ಆಗತಾನೇ ಪದವಿ ಮುಗಿಸಿದ್ದ ವಿದ್ಯಾರ್ಥಿಯೇ.

1916ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ವೈದ್ಯ ವಿದ್ಯಾರ್ಥಿ ಜೇ ಮೆಕ್ಲೀನ್‌ಗೆ ಸಿಕ್ಕಿದ್ದು ರಕ್ತ ಹೆಪ್ಪುಗಟ್ಟಿಸುವ ವಸ್ತುವನ್ನು ಪರೀಕ್ಷಿಸುವ ಕೆಲಸ. ನಾಯಿಯ ಪಿತ್ತಜನಕಾಂಗದಿಂದ ತೆಗೆದ ಸಾರ ಇದಕ್ಕೆ ತದ್ವಿರುದ್ಧವಾಗಿ ವರ್ತಿಸಿತು, ರಕ್ತ ಹೆಪ್ಪುಗಟ್ಟಲೇ ಇಲ್ಲ. "ಪ್ರಯೋಗ ಕೆಟ್ಟಿತು" ಎಂದು ಚೆಲ್ಲದೆ ಅವನು ಅದನ್ನು ವರದಿ ಮಾಡಿದ. ಈ ಜಾಡು ಹಿಡಿದು ಬಂದ ಔಷಧವೇ ಹೆಪಾರಿನ್. ಇಂದು ಡಯಾಲಿಸಿಸ್ ಮಾಡುವಾಗ, ತೆರೆದ ಹೃದಯದ ಶಸ್ತ್ರಚಿಕಿತ್ಸೆ ಮಾಡುವಾಗ ಅದಿಲ್ಲದೆ ಆಗದು.

ಈ ಕತೆಗಳಲ್ಲಿ ಸಮಾನವಾದದ್ದು ಒಂದಿದೆ. ವಿದ್ಯಾರ್ಥಿಗೆ ಅನುಭವ ಕಡಿಮೆ ಇತ್ತು, ನಿಜ. ಆದರೆ "ಇದು ಹೀಗೇ ಇರುವುದು" ಎಂಬ ರೂಢಿ ಅವನ ಕಣ್ಣಿಗೆ ಇನ್ನೂ ಬಿದ್ದಿರಲಿಲ್ಲ. ಜೊತೆಗೆ ಅನುಭವ ಇದ್ದ ಹಿರಿಯರೊಬ್ಬರ ಪ್ರಯೋಗಾಲಯವೋ, ಕಾಲೇಜೋ ಅವನ ಬೆನ್ನಿಗಿತ್ತು. ಎರಡೂ ಬೇಕು.

ಬೆಂಗಳೂರಿಗೆ ಬಂದ ಒಂದು ತರಗತಿಯ ಹೋಂವರ್ಕ್

ಹತ್ತಿರದ ಕಾಲದ ಉದಾಹರಣೆಗೆ ಕರ್ನಾಟಕದ ನಂಟು ಇದೆ. 2007ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತರಗತಿಯೊಂದರಲ್ಲಿ ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಟ್ಟರು: ತೂಕ ಕಡಿಮೆ ಇರುವ ನವಜಾತ ಶಿಶುಗಳಿಗಾಗಿ ತೀರ ಅಗ್ಗದ ಇನ್‌ಕ್ಯುಬೇಟರ್ ಮಾಡಿ. ಜೇನ್ ಚೆನ್, ಲೈನಸ್ ಲಿಯಾಂಗ್, ನಾಗಾನಂದ ಮೂರ್ತಿ, ರಾಹುಲ್ ಪಣಿಕ್ಕರ್ ಆ ತಂಡದಲ್ಲಿದ್ದರು.

ಅವಧಿಗೆ ಮೊದಲೇ ಹುಟ್ಟಿದ ಮಗುವಿನ ಚರ್ಮದಡಿ ಕೊಬ್ಬು ಇರುವುದಿಲ್ಲ. ಮೈ ಬಿಸಿ ಬೇಗ ಸೋರಿ ಹೋಗುತ್ತದೆ. ನಮಗೆ ಹಿತವೆನಿಸುವ ಕೋಣೆಯಲ್ಲೂ ಅದು ತಣ್ಣಗಾಗಿ ಪ್ರಾಣಕ್ಕೆ ಅಪಾಯವಾಗಬಹುದು. ತಂಡದವರು ನೇಪಾಳದ ಆಸ್ಪತ್ರೆಗೆ ಹೋಗಿ ನೋಡಿದಾಗ ಇನ್‌ಕ್ಯುಬೇಟರುಗಳು ಖಾಲಿ ಇದ್ದವು. ಏಕೆಂದರೆ ಅದು ಬೇಕಾದ ಮಕ್ಕಳು ಹುಟ್ಟುತ್ತಿದ್ದುದು ದೂರದ ಹಳ್ಳಿಗಳಲ್ಲಿ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಗು ಉಳಿಯುತ್ತಿರಲಿಲ್ಲ. ಆಗ ಪ್ರಶ್ನೆಯೇ ಬದಲಾಯಿತು. "ಅಗ್ಗದ ಇನ್‌ಕ್ಯುಬೇಟರ್ ಹೇಗೆ ಮಾಡುವುದು?" ಎಂಬುದು ಹೋಗಿ, "ಕರೆಂಟ್ ಇಲ್ಲದ ಕಡೆ ದಾರಿಯುದ್ದಕ್ಕೂ ಮಗುವನ್ನು ಬೆಚ್ಚಗಿಡುವುದು ಹೇಗೆ?" ಎಂದಾಯಿತು.

ಉತ್ತರವಾಗಿ ಬಂದದ್ದು ಎಂಬ್ರೇಸ್ ಎಂಬ ಪುಟ್ಟ ಮಲಗುಚೀಲ. ಅದರೊಳಗೆ ಮೇಣದಂಥ ವಸ್ತು ತುಂಬಿದ ಒಂದು ಪೊಟ್ಟಣ. ಇದರ ಹಿಂದಿನ ವಿಜ್ಞಾನ ನಮಗೆಲ್ಲ ಗೊತ್ತಿರುವುದೇ. ಮಂಜುಗಡ್ಡೆ ಪೂರ್ತಿ ಕರಗುವ ತನಕ ಅದರ ಉಷ್ಣತೆ ಸೊನ್ನೆಯಲ್ಲೇ ನಿಲ್ಲುತ್ತದೆ. ಹಾಗೆಯೇ ಈ ಮೇಣ ಕರಗಿ ಮತ್ತೆ ಗಟ್ಟಿಯಾಗುತ್ತಿರುವಷ್ಟು ಹೊತ್ತೂ ಸುಮಾರು 37 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರುತ್ತದೆ. ಅದು ಮನುಷ್ಯನ ಮೈ ಬಿಸಿ. ಒಮ್ಮೆ ಬಿಸಿ ಮಾಡಿಟ್ಟರೆ ಸುಮಾರು ನಾಲ್ಕು ಗಂಟೆ ಕರೆಂಟ್ ಬೇಡ.

ತಂಡ ಬೆಂಗಳೂರಿಗೆ ಬಂದು ನೆಲೆಸಿತು. 2011ರಲ್ಲಿ ಉಪಕರಣ ಭಾರತದ ಆಸ್ಪತ್ರೆಗಳಿಗೆ ಬಂತು. ಈ ನಡುವೆ ಅವರು ಕಲಿತ ಒಂದು ಪಾಠ ಬಹಳ ಮುಖ್ಯ. ಮೊದಲ ಮಾದರಿಯಲ್ಲಿ ಉಷ್ಣತೆಯನ್ನು ಅಂಕಿಯಲ್ಲಿ ತೋರಿಸಲಾಗುತ್ತಿತ್ತು. ಹಳ್ಳಿಯ ತಾಯಿಯೊಬ್ಬಳು, ಡಾಕ್ಟರು ಕೊಡುವ ಔಷಧ ಮಗುವಿಗೆ ಜೋರಾಗುತ್ತದೆಂದು ಸ್ವಲ್ಪ ಕಡಿಮೆಯೇ ಕೊಡುವಂತೆ, ಇದರಲ್ಲೂ ಹೇಳಿದ್ದಕ್ಕಿಂತ ಕಡಿಮೆ ಬಿಸಿ ಇಡುತ್ತೇನೆ ಎಂದಳಂತೆ. ಪ್ರಯೋಗಾಲಯದಲ್ಲಿ ಯಾರಿಗೂ ಹೊಳೆಯದ ಅಪಾಯ ಇದು. ಅಂಕಿ ತೆಗೆದು "ಸರಿ ಇದೆ", "ಸರಿ ಇಲ್ಲ" ಎಂಬ ಎರಡೇ ಸೂಚನೆ ಇಟ್ಟರು.

ಇಲ್ಲಿ ಒಂದು ಎಚ್ಚರಿಕೆ. ಮಗುವನ್ನು ಬೆಚ್ಚಗಿಡಲು ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಚೆನ್ನಾದ ದಾರಿ ತಾಯಿಯ ಎದೆಗೆ ಬರಿಮೈಯಲ್ಲಿ ಅಪ್ಪಿಕೊಳ್ಳುವ ಕಾಂಗರೂ ಆರೈಕೆ. 1978ರಲ್ಲಿ ಕೊಲಂಬಿಯಾದ ಬೊಗೊಟದಲ್ಲಿ ಇದು ಶುರುವಾಯಿತು. ಭಾರತವೂ ಸೇರಿದಂತೆ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟಿದ ಕೂಡಲೇ ಈ ಆರೈಕೆ ಶುರು ಮಾಡಿದ ಗುಂಪಿನಲ್ಲಿ ಶಿಶುಗಳ ಸಾವು ಸುಮಾರು ಶೇಕಡ 25ರಷ್ಟು ಕಡಿಮೆಯಾಗಿತ್ತು. ಉಪಕರಣ ಬೇಕಾಗುವುದು ಅಪ್ಪಿಕೊಳ್ಳಲು ಆಗದಿದ್ದಾಗ, ತಾಯಿಗೇ ಹುಷಾರಿಲ್ಲದಿದ್ದಾಗ.

ಮೈಸೂರಿನ ವಿದ್ಯಾರ್ಥಿಗಳು ಕಾಡಿನ ಅಂಚಿಗೆ ಹೋದದ್ದು

ಹೊಸತನ ಎಂದರೆ ಯಂತ್ರವೇ ಆಗಬೇಕಿಲ್ಲ. 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಓದುತ್ತಿದ್ದ ಆರ್. ಬಾಲಸುಬ್ರಹ್ಮಣ್ಯಂ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಎಂಬ ಸಂಸ್ಥೆ ಶುರು ಮಾಡಿದರು. ಬಡ ರೋಗಿಗಳಿಗೆ ಔಷಧ ಹೊಂದಿಸುವುದು, ರಕ್ತದಾನಿಗಳನ್ನು ಹುಡುಕುವುದು ಇಂಥ ಕೆಲಸಗಳಿಂದ ಆರಂಭ. ಓದು ಮುಗಿದ ಮೇಲೆ 1987ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಬ್ರಹ್ಮಗಿರಿ ಹಾಡಿಗೆ ಹೋದರು. ಕಬಿನಿ ಅಣೆಕಟ್ಟು ಮತ್ತು ಬಂಡೀಪುರದ ಹುಲಿ ಯೋಜನೆಯಿಂದ ನೆಲೆ ತಪ್ಪಿದ ಜೇನುಕುರುಬ, ಕಾಡುಕುರುಬ ಜನ ಅಲ್ಲಿದ್ದರು. ಮುಂದೆ ಕೆಂಚನಹಳ್ಳಿಯಲ್ಲಿ, ಸರಗೂರಿನಲ್ಲಿ ಆಸ್ಪತ್ರೆಗಳಾದವು, ಹೊಸಹಳ್ಳಿಯಲ್ಲಿ ಶಾಲೆಯಾಯಿತು.

ಕಾಯಿಲೆಗೆ ಮದ್ದು ಕೊಟ್ಟರೆ ಸಾಲದು, ನೀರು, ಊಟ, ಶಾಲೆ ಇವೂ ಆರೋಗ್ಯದ ಭಾಗ ಎಂಬುದನ್ನು ಆ ಯುವ ವೈದ್ಯರಿಗೆ ಕಾಡಂಚಿನ ಬದುಕೇ ಕಲಿಸಿತು. ವೈದ್ಯಕೀಯ ಶಿಕ್ಷಣ ಈ ದಿಕ್ಕಿಗೆ ಈಗೀಗ ಹೊರಳುತ್ತಿದೆ. ರಾಷ್ಟ್ರೀಯ ವೈದ್ಯಕೀಯ ಆಯೋಗ 2021-22ರ ಸಾಲಿನಿಂದ ಕುಟುಂಬ ದತ್ತು ಕಾರ್ಯಕ್ರಮ ತಂದಿದೆ. ಎಂಬಿಬಿಎಸ್ ವಿದ್ಯಾರ್ಥಿ ಮೊದಲ ವರ್ಷದಿಂದಲೇ ಹಳ್ಳಿಯ ಕೆಲವು ಮನೆಗಳ ಆರೋಗ್ಯವನ್ನು ಓದು ಮುಗಿಯುವವರೆಗೂ ಗಮನಿಸಬೇಕು. ಮನೆಗೆ ಹೋಗಿ ಕಣ್ಣಾರೆ ಕಂಡ ಸಮಸ್ಯೆಯಿಂದಲೇ ಒಳ್ಳೆಯ ಪ್ರಶ್ನೆ ಹುಟ್ಟುವುದು.

ಈ ಮೂರು ತಾಲ್ಲೂಕುಗಳಲ್ಲಿ ಯಾವ ಪ್ರಶ್ನೆಗಳಿವೆ?

ಕೊಪ್ಪದಲ್ಲೇ ಆರೂರು ಲಕ್ಷ್ಮೀನಾರಾಯಣ ರಾವ್ ಸ್ಮಾರಕ ಆಯುರ್ವೇದ ವೈದ್ಯಕೀಯ ಕಾಲೇಜು ಇದೆ. ಶಿವಮೊಗ್ಗ, ಚಿಕ್ಕಮಗಳೂರು, ಮಣಿಪಾಲಗಳಲ್ಲಿ ಮೆಡಿಕಲ್ ಕಾಲೇಜುಗಳಿವೆ. ಇಲ್ಲಿನ ವಿದ್ಯಾರ್ಥಿಗಳ ಕಣ್ಣೆದುರೇ ಇರುವ ಮೂರು ಸಮಸ್ಯೆಗಳನ್ನು ನೋಡೋಣ.

ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತಾಗ ಈ ವೈರಸ್ ಪತ್ತೆಯಾಯಿತು. 2024ರಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಲ್ಲೂ ಪ್ರಕರಣಗಳು ಕಾಣಿಸಿಕೊಂಡವು. "ಮಂಗ ಕಚ್ಚಿದರೆ ಬರುತ್ತದೆ" ಎಂದು ಹಲವರು ತಿಳಿದಿದ್ದಾರೆ. ಅದು ತಪ್ಪು. ಹರಡುವುದು ಉಣುಗು ಕಚ್ಚುವುದರಿಂದ. ಮನುಷ್ಯರಿಂದ ಮನುಷ್ಯರಿಗೂ ಹರಡುವುದಿಲ್ಲ. ಚಳಿಗಾಲದಿಂದ ಮಳೆ ಹಿಡಿಯುವ ತನಕ ದರಗು ಗುಡಿಸಲು, ಸೌದೆ ತರಲು ಕಾಡಿಗೆ ಹೋದವರಿಗೆ ಅಪಾಯ ಹೆಚ್ಚು. ಹಳೆಯ ಲಸಿಕೆಯ ಶಕ್ತಿ ಸಾಲದೆಂದು ಅದನ್ನು ಕೊಡುವುದು ನಿಂತಿದೆ, ಹೊಸ ಲಸಿಕೆಯ ಕೆಲಸ ನಡೆದಿದೆ. ಆರೋಗ್ಯ ಇಲಾಖೆ ಮೈಗೆ ಹಚ್ಚಿಕೊಳ್ಳಲು ಡಿಇಪಿಎ ತೈಲ ಕೊಡುತ್ತದೆ. ಕೊಟ್ಟ ತೈಲವನ್ನು ಜನ ನಿಜಕ್ಕೂ ಹಚ್ಚಿಕೊಳ್ಳುತ್ತಾರೆಯೇ? ಇಲ್ಲವಾದರೆ ಕಾರಣ ಏನು, ವಾಸನೆಯೋ, ಜಿಡ್ಡೋ, ಮರೆವೋ? ದುಬಾರಿ ಯಂತ್ರವಿಲ್ಲದೆ, ಮನೆಮನೆಗೆ ಹೋಗಿ ಕೇಳಿದರೆ ಉತ್ತರ ಸಿಗುವ ಪ್ರಶ್ನೆ ಇದು. ಉತ್ತರ ಸಿಕ್ಕರೆ ಜೀವಗಳೂ ಉಳಿಯುತ್ತವೆ.

ಹಾವು ಕಡಿತ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ನಮ್ಮ ಆಸ್ಪತ್ರೆಗಳಲ್ಲಿರುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ತಯಾರಾದದ್ದು. ಮಲೆನಾಡಿನಲ್ಲಿ ಕಾಳಿಂಗವೂ ಇದೆ, ಬೇರೆ ಜಾತಿಯ ಗುಳಿಮಂಡಲಗಳೂ ಇವೆ. ಅವಕ್ಕೆ ಇದು ಸರಿಯಾಗಿ ಕೆಲಸ ಮಾಡುವುದಿಲ್ಲ. ಹೀಗಾಗಿ ಯಾವ ಲಕ್ಷಣ ಕಂಡಿತು, ಏನು ಕೊಟ್ಟರು, ಏನಾಯಿತು ಎಂಬ ದಾಖಲೆ ಬಹಳ ಬೆಲೆಯುಳ್ಳದ್ದು.

ವಿಷದಿಂದ ರಕ್ತ ಹೆಪ್ಪುಗಟ್ಟುವುದು ನಿಂತಿದೆಯೇ ಎಂದು ತಿಳಿಯಲು ಸಣ್ಣ ಆಸ್ಪತ್ರೆಯಲ್ಲೂ ಮಾಡಬಹುದಾದ ಪರೀಕ್ಷೆ ಇದೆ. ಎರಡು ಮಿಲಿಲೀಟರ್ ರಕ್ತವನ್ನು ಶುದ್ಧವಾದ, ಒಣಗಿದ ಗಾಜಿನ ಕೊಳವೆಯಲ್ಲಿ ಹಾಕಿ 20 ನಿಮಿಷ ಅಲುಗಿಸದೆ ಇಟ್ಟು, ಆಮೇಲೆ ಬಾಗಿಸಿ ನೋಡುವುದು. ಹೆಪ್ಪುಗಟ್ಟದೆ ಹರಿದರೆ ಮಂಡಲದ ಜಾತಿಯ ವಿಷ ಏರಿದೆ ಎಂಬ ಸೂಚನೆ. ಕೊಳವೆ ಪ್ಲಾಸ್ಟಿಕ್ಕಿನದಾದರೆ, ಸೋಪಿನ ಪುಡಿಯಲ್ಲಿ ತೊಳೆದದ್ದಾದರೆ ಫಲಿತಾಂಶ ದಾರಿ ತಪ್ಪಿಸಬಹುದು. ಇಂಥ ಸೂಕ್ಷ್ಮವನ್ನು ಕೈಯಾರೆ ಮಾಡಿ ಕಲಿಯುವ ತರಬೇತಿ ಪುಸ್ತಕದ ಓದಿನಿಂದ ಬರುವುದಿಲ್ಲ. ಹಿರಿಯ ವಿದ್ಯಾರ್ಥಿಗಳೇ ಕಿರಿಯರಿಗೆ, ನರ್ಸ್‌ಗಳಿಗೆ ತೋರಿಸಿಕೊಡುವ ಏರ್ಪಾಡು ಅಗ್ಗದ, ಆದರೆ ದೊಡ್ಡ ಹೊಸತನ.

ಅಡಿಕೆ ಮರದಿಂದ ಬೀಳುವುದು. ಕೊನೆ ಕೊಯ್ಯುವಾಗ, ಕೊಳೆರೋಗಕ್ಕೆ ಬೋರ್ಡೋ ಮಿಶ್ರಣ ಹೊಡೆಯುವಾಗ ಕಾಲು ಜಾರಿ ಬಿದ್ದು ಬೆನ್ನುಮೂಳೆ ಮುರಿದುಕೊಂಡವರು ಎಷ್ಟೋ ಮಂದಿ. ನೆಲದಲ್ಲೇ ನಿಂತು ಕೊಯ್ಯುವ ಫೈಬರ್ ದೋಟಿ ಬಂದು ಅಪಾಯ ತಗ್ಗಿಸಿದೆ. ಆದರೂ ಬಿದ್ದವರನ್ನು ನಾಲ್ಕು ಜನ ಕೈಕಾಲು ಹಿಡಿದು ಎತ್ತಿ ಜೀಪಿಗೆ ಹಾಕುವುದು ನಿಂತಿಲ್ಲ. ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ. ಆದರೆ ಮುರಿದ ಮೂಳೆ ಸರಿದು ನರಕ್ಕೆ ತಾಗಿದರೆ ಕಾಲಿನ ಶಕ್ತಿ ಶಾಶ್ವತವಾಗಿ ಹೋಗಬಹುದು. ಕತ್ತು, ಬೆನ್ನು ಒಂದೇ ನೇರದಲ್ಲಿ ಇರುವಂತೆ ಹಲಗೆಯ ಮೇಲೆ ಹೊರಳಿಸುವುದನ್ನು ತೋಟದ ಕೆಲಸಗಾರರಿಗೆ ಕಲಿಸುವುದಕ್ಕೆ ಒಂದು ಸಂಜೆ ಸಾಕು.

ತಪ್ಪು ತಿಳಿವಳಿಕೆ 2: ಒಳ್ಳೆಯ ಐಡಿಯಾ ಇದ್ದರೆ ಸಾಕು

ಒಂದು ಉದಾಹರಣೆ ತೆಗೆದುಕೊಳ್ಳೋಣ. ಮುರಿದ ಕೈಗೆ ಆಸರೆಯಾಗಿ ಅಡಿಕೆ ಹಾಳೆ ಕಟ್ಟಬಹುದೇ ಎಂದು ವಿದ್ಯಾರ್ಥಿಯೊಬ್ಬಳಿಗೆ ಹೊಳೆಯಿತು ಎನ್ನಿ. ಹಾಳೆ ತೋಟದಲ್ಲೇ ಸಿಗುತ್ತದೆ, ಹಗುರ, ನೆನೆಸಿದರೆ ಬಾಗುತ್ತದೆ, ಒಣಗಿದರೆ ಗಟ್ಟಿಯಾಗುತ್ತದೆ. ಕೇಳಲು ಚೆನ್ನಾಗಿದೆ. ಇದು ಇನ್ನೂ ಊಹೆ ಮಾತ್ರ. ಇದನ್ನು ನಂಬುವ ಮೊದಲು ಮಾಡಬೇಕಾದದ್ದು ಹೀಗೆ:

1. ಹೋಲಿಕೆ: ಆಸ್ಪತ್ರೆಯಲ್ಲಿ ಬಳಸುವ ಪಟ್ಟಿಯ ಜೊತೆ ಇಟ್ಟು, ಒಂದೇ ಭಾರಕ್ಕೆ ಯಾವುದು ಎಷ್ಟು ಬಾಗುತ್ತದೆ ಎಂದು ಅಳೆಯಬೇಕು.

2. ಕೆಟ್ಟ ಪರಿಸ್ಥಿತಿ: ಮಳೆಯಲ್ಲಿ ಎರಡು ಗಂಟೆ ನೆನೆದರೆ ಏನಾಗುತ್ತದೆ? ಅಪಘಾತ ಆಗುವುದೇ ಮಳೆಗಾಲದಲ್ಲಿ.

3. ಸುರಕ್ಷತೆ: ಅಂಚು ಚರ್ಮ ಕೊಯ್ಯುತ್ತದೆಯೇ? ಕಟ್ಟಿದ ಮೇಲೆ ಬೆರಳಿಗೆ ರಕ್ತ ಹರಿಯುತ್ತಿದೆಯೇ?

4. ಅನುಮತಿ: ಆರೋಗ್ಯವಂತ ಸ್ವಯಂಸೇವಕರ ಮೇಲೆ ಪರೀಕ್ಷಿಸುವುದಕ್ಕೂ ಕಾಲೇಜಿನ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಸ್ವಯಂಸೇವಕರ ಲಿಖಿತ ಸಮ್ಮತಿ ಬೇಕು.

5. ಬಳಸುವವರು: ತೋಟದವರ ಕೈಗೆ ಕೊಟ್ಟು, ಪಕ್ಕದಲ್ಲಿ ನಿಂತು ಏನೂ ಹೇಳದೆ ನೋಡಬೇಕು. ಎಲ್ಲಿ ತಡವರಿಸುತ್ತಾರೋ ಅಲ್ಲಿ ವಿನ್ಯಾಸ ತಪ್ಪಿದೆ.

6. ವರದಿ: ಸೋತರೂ ಬರೆದಿಡಬೇಕು. ಮುಂದಿನವರು ಅದೇ ಗುಂಡಿಗೆ ಬೀಳಬಾರದು.

ಈ ಹಂತಗಳನ್ನು ಹಾರಿದರೆ ಏನಾಗುತ್ತದೆ ಎಂಬುದಕ್ಕೂ ಇತಿಹಾಸದಲ್ಲಿ ಸಾಕ್ಷಿ ಇದೆ. 1885ರಲ್ಲಿ ಪೆರು ದೇಶದ ವೈದ್ಯ ವಿದ್ಯಾರ್ಥಿ ಡೇನಿಯಲ್ ಕ್ಯಾರಿಯನ್, ಒಂದು ಕಾಯಿಲೆಯ ಸ್ವರೂಪ ತಿಳಿಯಲು ರೋಗಿಯ ಚರ್ಮದ ಗಂಟಿನಿಂದ ತೆಗೆದ ರಕ್ತವನ್ನು ತನ್ನ ಮೈಗೇ ಚುಚ್ಚಿಸಿಕೊಂಡ. ಚರ್ಮದ ಗಂಟು ಮತ್ತು ಮಾರಕ ಜ್ವರ ಎರಡೂ ಒಂದೇ ಕಾಯಿಲೆ ಎಂದು ಗೊತ್ತಾಯಿತು, ಆದರೆ ಕ್ಯಾರಿಯನ್ ಉಳಿಯಲಿಲ್ಲ. ಇನ್ಸುಲಿನ್ ಕೂಡ 1922ರ ಜನವರಿ 11ರಂದು ಮೊದಲ ರೋಗಿಗೆ ಕೊಟ್ಟಾಗ ಶುದ್ಧವಾಗಿರಲಿಲ್ಲ, ಕೆಲಸವೂ ಸರಿಯಾಗಿ ಮಾಡಲಿಲ್ಲ. ಜೇಮ್ಸ್ ಕಾಲಿಪ್ ಅದನ್ನು ಶುದ್ಧಗೊಳಿಸಿದ ಮೇಲೆ, ಅದೇ ತಿಂಗಳ 23ರಂದು ಕೊಟ್ಟಾಗ ಹುಡುಗ ಚೇತರಿಸಿಕೊಂಡ.

ಹೆಸರಿನ ಪ್ರಶ್ನೆಯೂ ಇದೆ. 1923ರ ನೊಬೆಲ್ ಬಂದದ್ದು ಬ್ಯಾಂಟಿಂಗ್ ಮತ್ತು ಮೆಕ್ಲಿಯಡ್‌ಗೆ, ಬೆಸ್ಟ್‌ಗಲ್ಲ. ಬ್ಯಾಂಟಿಂಗ್ ತನ್ನ ಪಾಲಿನ ಹಣದಲ್ಲಿ ಅರ್ಧವನ್ನು ಬೆಸ್ಟ್‌ಗೆ ಕೊಟ್ಟ. ವಿದ್ಯಾರ್ಥಿ ಮಾಡಿದ ಕೆಲಸಕ್ಕೆ ವಿದ್ಯಾರ್ಥಿಯ ಹೆಸರು ಇರಬೇಕು ಎಂಬುದನ್ನು ಗುರುಗಳು ಮೊದಲೇ ಬರೆದು ನಿಶ್ಚಯಿಸುವುದು ಒಳ್ಳೆಯದು.

ದಾರಿ ಎಲ್ಲಿಂದ?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1979ರಿಂದ ಪದವಿ ವಿದ್ಯಾರ್ಥಿಗಳಿಗೆ ಅಲ್ಪಾವಧಿಯ ಸಂಶೋಧನಾ ವಿದ್ಯಾರ್ಥಿವೇತನ ಕೊಡುತ್ತ ಬಂದಿದೆ. ಒಬ್ಬ ಮಾರ್ಗದರ್ಶಕರು, ಒಂದು ಸಣ್ಣ ಪ್ರಶ್ನೆ, ಕೆಲವು ವಾರಗಳ ಕೆಲಸ, ಅಷ್ಟೇ ಇದರ ಅಳತೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೂ ಪದವಿ ವಿದ್ಯಾರ್ಥಿಗಳ ಸಂಶೋಧನೆಗೆ ನೆರವು ನೀಡುತ್ತದೆ. ಉಪಕರಣ ಮಾಡಿ ರೋಗಿಗಳಿಗೆ ಬಳಸಬೇಕೆಂದರೆ 2017ರ ವೈದ್ಯಕೀಯ ಸಾಧನ ನಿಯಮಗಳಿಗೆ ಒಳಪಡಬೇಕು. ಹಾಗಾಗಿ ಎಂಜಿನಿಯರಿಂಗ್ ಓದುವ ಗೆಳೆಯರನ್ನೂ, ಆಸ್ಪತ್ರೆಯ ಹಿರಿಯರನ್ನೂ ಮೊದಲೇ ಜೊತೆಗೆ ಕರೆದುಕೊಳ್ಳುವುದು ಲೇಸು.

ಓದುಗರಾದ ನಮ್ಮ ಪಾಲೂ ಇದೆ. ವಿದ್ಯಾರ್ಥಿಗಳು ಪ್ರಶ್ನಾವಳಿ ಹಿಡಿದು ಮನೆಗೆ ಬಂದರೆ ಹತ್ತು ನಿಮಿಷ ಕೊಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳೋಣ. ತೈಲ ಹಚ್ಚಿಕೊಳ್ಳದಿದ್ದರೆ "ಹಚ್ಚಿಕೊಳ್ಳುತ್ತೇವೆ" ಎನ್ನುವುದು ಬೇಡ. ನಮಗೆ ಇಷ್ಟವಿಲ್ಲದಿದ್ದರೆ ಬೇಡ ಎನ್ನುವ ಹಕ್ಕೂ ನಮಗಿದೆ.

ನೆನಪಿಡಬೇಕಾದದ್ದು

ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಹೀರಬೇಡಿ. ಕಚ್ಚಿದ ಭಾಗ ಅಲುಗದಂತೆ ಇಟ್ಟು 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಗೆ ಹೋಗಿ. ಕಾಡಿಗೆ ಹೋಗಿ ಬಂದ ಮೇಲೆ ಜ್ವರ, ವಿಪರೀತ ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಿ. ನೋವಿನ ಮಾತ್ರೆಗಳನ್ನು ನೀವೇ ನುಂಗಬೇಡಿ. ಆಸ್ಪಿರಿನ್, ಐಬುಪ್ರೊಫೇನ್‌ನಂಥವು ರಕ್ತಸ್ರಾವ ಹೆಚ್ಚಿಸಬಹುದು.

ಮೊದಲ ಪ್ರಶ್ನೆಗೆ ನಮ್ಮ ಉತ್ತರ ಇಷ್ಟು: ಹೌದು, ವಿದ್ಯಾರ್ಥಿಗಳು ಕಂಡುಹಿಡಿಯಬಲ್ಲರು, ಹಿಂದೆಯೂ ಕಂಡುಹಿಡಿದಿದ್ದಾರೆ. ಅದಕ್ಕೆ ಬೇಕಾದದ್ದು ಎದುರಿನ ರೋಗಿಯ ಮನೆತನಕ ನಡೆದು ಹೋಗುವ ಕಾಲು, ಕಂಡದ್ದನ್ನು ಅಳೆದು ಬರೆಯುವ ಶಿಸ್ತು, ತಪ್ಪಿದಾಗ ತಿದ್ದುವ ಗುರು. ಮಲೆನಾಡಿನ ಮೂರು ತಾಲ್ಲೂಕುಗಳಲ್ಲಿ ಪ್ರಶ್ನೆಗಳಿಗಂತೂ ಕೊರತೆಯಿಲ್ಲ.